ದೇವರು ಮೊದಲೇ ಆರಿಸಿಕೊಂಡಿದ್ದರೆ ಸುವಾರ್ತೆ ಸಾರುವುದೇಕೆ?

ಪ್ರಶ್ನೆ: ಮನೆಕೂಟದಲ್ಲಿ ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯ ಓದಿದಾಗಿನಿಂದ ನಮ್ಮಲ್ಲಿ ವಾದ ನಿಂತಿಲ್ಲ. ರಕ್ಷಣೆ ಯಾರಿಗೆಂಬುದು ಮೊದಲೇ ನಿಶ್ಚಯವಾಗಿದ್ದರೆ ಸುವಾರ್ತೆ ಸಾರುವುದೇಕೆ? ಇದು ಮಧ್ವರ ಮತವೇ ಎನ್ನುತ್ತಾರೆ ಉಡುಪಿ ಕಡೆಯ ಗೆಳೆಯರು. ಹೌದೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: 9ಕ್ಕೇ ಪುಸ್ತಕ ಮುಚ್ಚಿದರೆ ವಾದ ನಿಲ್ಲುವುದಿಲ್ಲ. 9ರಿಂದ 11ರವರೆಗೆ ಒಟ್ಟು 90 ವಚನ, ಒಮ್ಮೆಗೇ ಕೂತು ಓದಿ. ಇಸ್ರಾಯೇಲರು ಕ್ರಿಸ್ತನನ್ನು ಯಾಕೆ ಒಪ್ಪಲಿಲ್ಲ ಎಂಬುದು ಅಲ್ಲಿ ಪೌಲನ ಸಂಕಟ. ಯಾಕೋಬನ ಅಣ್ಣ ಏಸಾವನನ್ನು ದ್ವೇಷಿಸಿದೆ ಎಂಬ ದೇವರ ಮಾತನ್ನು ಪೌಲ ಎತ್ತಿದ್ದು ಮಲಾಕಿಯ ಪುಸ್ತಕದಿಂದ. ಅಲ್ಲಿ ಏಸಾವನೆಂದರೆ ಎದೋಮ್ ಜನಾಂಗ. ಆದರೆ ದೇವರು ತನಗೆ ಬೇಕಾದವರಿಗೆ ಕರುಣೆ ತೋರುತ್ತಾನೆ ಎನ್ನುವ 9ನೇ ಅಧ್ಯಾಯದ 15ರಿಂದ 18ನೇ ವಚನಗಳು ಒಬ್ಬೊಬ್ಬ ಮನುಷ್ಯನಿಗೂ ತಗಲುತ್ತವೆ ಎಂದು, ರಕ್ಷಣೆ ದೇವರ ಆಯ್ಕೆಯಿಂದಲೇ ಎನ್ನುವ ಸುಧಾರಕ ಕ್ಯಾಲ್ವಿನನ ಮತದವರು ಹೇಳುವುದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಸಾರುವುದೇಕೆ ಎಂಬುದಕ್ಕೆ ಉತ್ತರ ಮುಂದಿನ ಅಧ್ಯಾಯದಲ್ಲೇ ಇದೆ: ಸಾರುವವನಿಲ್ಲದೆ ಕೇಳುವುದು ಹೇಗೆ (10:14)? ಕೊರಿಂಥದಲ್ಲಿ ಪೌಲನಿಗೆ ಸಿಕ್ಕ ಧೈರ್ಯವೂ ಇದೇ ಬಗೆಯದು: ಈ ಊರಲ್ಲಿ ನನ್ನ ಜನ ಬಹಳ ಇದ್ದಾರೆ, ಸುಮ್ಮನಿರಬೇಡ (ಅಪೊಸ್ತಲರ ಕೃತ್ಯಗಳು 18:9–10). ಅಲ್ಲಿ ಸಾರುವುದಕ್ಕೆ ಆಯ್ಕೆಯೇ ಕಾರಣ.

ಸಾಮಾನ್ಯವಾಗಿ ಎಡವುವುದು ಇಲ್ಲಿ: ಕ್ಯಾಲ್ವಿನ್ ಮತದ ಆಯ್ಕೆಯ ಬೋಧನೆಯನ್ನು ಪ್ರಶ್ನಿಸಿದ ಡಚ್ ಪಂಡಿತ ಆರ್ಮೀನಿಯಸನ ಕಡೆಯವರೆಂದರೆ ‘ಮನುಷ್ಯ ತಾನಾಗಿಯೇ ದೇವರ ಬಳಿ ಬರುತ್ತಾನೆ’ ಎನ್ನುವವರು ಎಂದುಕೊಳ್ಳುತ್ತಾರೆ. ಅದು ಪೆಲಾಗಿಯಸನ ವಾದ, 418ರಲ್ಲೇ ಕಾರ್ಥೇಜ್ ಸಭೆ ಖಂಡಿಸಿದ್ದು. ಕೃಪೆಯೇ ಮೊದಲು ಎನ್ನುವುದರಲ್ಲಿ ಎರಡೂ ಕಡೆಯವರು ಒಂದೇ. ಆ ಕೃಪೆಯನ್ನು ಬೇಡವೆನ್ನಬಹುದೇ? ದೇವರು ಆರಿಸುವುದು ಮುಂದೆ ಹುಟ್ಟುವ ನಂಬಿಕೆಯನ್ನು ಕಂಡೇ? 1610ರಲ್ಲಿ ಆರ್ಮೀನಿಯಸನ ಶಿಷ್ಯರು ಎರಡಕ್ಕೂ ಹೌದೆಂದರು; ಕ್ಯಾಲ್ವಿನ್ ಮತದವರು ಹಾಲೆಂಡಿನಲ್ಲಿ ಸೇರಿಸಿದ 1618–19ರ ಡಾರ್ಟ್ ಸಭೆ ಎರಡಕ್ಕೂ ಅಲ್ಲವೆಂದಿತು. ವೆಸ್ಲಿಯ ಹಾದಿಯ ಮೆಥಡಿಸ್ಟರು ಮೊದಲಿನವರ ಕಡೆ. ಬಾಸೆಲ್ ಮಿಷನ್ ಮನೆತನದವರಿಗೆ ಲೂಥರ್, ಕ್ಯಾಲ್ವಿನ್ ಇಬ್ಬರ ಬಳುವಳಿಯೂ ಉಂಟು. ಮುಂಬಯಿಯಲ್ಲಿ ಇವರೆಲ್ಲ ಒಂದೇ ಚಾಪೆಯ ಮೇಲೆ ಕೂತು ಓದುವಾಗ ವಾದ ಏಳದಿದ್ದರೇ ಆಶ್ಚರ್ಯ!

ಮಧ್ವರೊಂದಿಗಿನ ಹೋಲಿಕೆ ಮೇಲುಮೇಲಿನದು. ಅಲ್ಲಿ ಜೀವದ ಸ್ವಭಾವ ಅನಾದಿ, ಗತಿ ಅದರ ಯೋಗ್ಯತೆಗೆ ತಕ್ಕಂತೆ. ಕ್ಯಾಲ್ವಿನನಲ್ಲಿ ಯೋಗ್ಯತೆಯ ಮಾತೇ ಇಲ್ಲ, ಆಯ್ಕೆಯಾದವನೂ ಅಯೋಗ್ಯನೇ.

ಪ್ರಶ್ನೆ: ಕ್ಯಾಥೊಲಿಕರು ಪೂರ್ವನಿರ್ಣಯವನ್ನು, ಅಂದರೆ ದೇವರು ಮೊದಲೇ ಆರಿಸಿದ್ದಾನೆ ಎಂಬುದನ್ನು, ಒಪ್ಪುವುದಿಲ್ಲವಂತೆ?
– ಓದುಗರೊಬ್ಬರು, ವಾಸ್ಕೊ

ಉತ್ತರ: ಒಪ್ಪುತ್ತಾರೆ. ಕೆಲವರನ್ನು ದೇವರು ಕೇಡಿಗೇ ನೇಮಿಸಿದ್ದಾನೆ ಎಂಬುದನ್ನು ಮಾತ್ರ 1547ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಸಭೆ ತಿರಸ್ಕರಿಸಿತು. ಕೃಪೆಯೂ ಇಚ್ಛೆಯೂ ಕೂಡಿ ಕೆಲಸ ಮಾಡುವ ಬಗೆಯ ಬಗ್ಗೆ ಕ್ಯಾಥೊಲಿಕರ ಎರಡು ಸನ್ಯಾಸಿ ಸಂಘಗಳಾದ ಡೊಮಿನಿಕನ್ನರೂ ಜೆಸ್ವಿಟರೂ ಜಗಳವಾಡಿದರು. 1607ರಲ್ಲಿ ಐದನೇ ಪೌಲ್ ಪೋಪರು ಯಾರೂ ಯಾರನ್ನೂ ಪಾಷಂಡಿಗಳೆನ್ನಕೂಡದೆಂದು ಹೇಳಿ, ತೀರ್ಪು ಕೊಡದೆ ಕಡತ ಮುಚ್ಚಿಸಿದರು.