ಒಂದೇ ಬೋರ್‌ವೆಲ್ ನೀರು, ಆದರೂ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ತೊಂದರೆ ಯಾಕೆ?

ಮನೆಯವರೆಲ್ಲ 15 ವರ್ಷದಿಂದ ಒಂದೇ ಬೋರ್‌ವೆಲ್ ನೀರು ಕುಡಿಯುತ್ತಿದ್ದೇವೆ, ಅದರಲ್ಲಿ ಸೀಸ, ಆರ್ಸೆನಿಕ್ ಇದ್ದರೆ ಎಲ್ಲರಿಗೂ ಒಂದೇ ತರಹ ತೊಂದರೆ ಆಗುತ್ತದಾ ಅಂತ ಕೇಳಿದ್ದೀರಿ. ತಾಯಿಯವರಿಗೆ ಮೊದಲಿನಿಂದಲೂ ರಕ್ತ ಕಡಿಮೆ ಅಂತಲೂ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ, ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಒಂದೇ ತರಹ ಆಗುವುದಿಲ್ಲ. ನಿಮ್ಮ ತಾಯಿಯ ಆ ರಕ್ತಹೀನತೆಯೇ ಇಲ್ಲಿ ದೊಡ್ಡ ವಿಷಯ.

ಜಪಾನಿನ ತೊಯಾಮಾದಲ್ಲಿ ಜಿಂಜು ಅಂತ ಒಂದು ನದಿ. ಅದರ ಮೇಲ್ಗಡೆ ಕಮಿಯೊಕಾ ಗಣಿ. ಗಣಿಯಿಂದ ಕ್ಯಾಡ್ಮಿಯಂ ಅನ್ನುವ, ಸೀಸದಂಥದೇ ವಿಷದ ಲೋಹ ನದಿಗೆ ಇಳಿಯಿತು, ನದಿಯಿಂದ ಗದ್ದೆಗೆ ಹೋಯಿತು, ಗದ್ದೆಯಿಂದ ಅನ್ನದ ತಟ್ಟೆಗೆ ಬಂತು. ಗಂಡ ಹೆಂಡತಿ ಉಂಡದ್ದು ಒಂದೇ ಅಕ್ಕಿ. ಆದರೆ ಹಾಸಿಗೆ ಹಿಡಿದವರಲ್ಲಿ ಹೆಚ್ಚಿನವರು ಹಲವು ಮಕ್ಕಳನ್ನು ಹೆತ್ತು, ಮುಟ್ಟು ನಿಂತಿದ್ದ ಹೆಂಗಸರು. ಕಿಡ್ನಿ ಕೆಟ್ಟು ಮೂಳೆ ಮೆತ್ತಗಾಗಿತ್ತು. ಕೆಮ್ಮಿದರೂ ಮೂಳೆ ಮುರಿಯುತ್ತಿತ್ತು. 'ಇತಾಯಿ ಇತಾಯಿ', ಅಂದರೆ 'ನೋವು, ನೋವು' ಅಂತ ನರಳುತ್ತಿದ್ದರು. ಕಾಯಿಲೆಗೂ ಅದೇ ಹೆಸರಾಯಿತು. ಕ್ಯಾಡ್ಮಿಯಮ್ಮೇ ಕಾರಣ ಎಂದು ಜಪಾನ್ ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ.

ಹೆಂಗಸರೇ ಯಾಕೆ? ದೇಹದಲ್ಲಿ ಕಬ್ಬಿಣ ಕಡಿಮೆಯಾದಾಗ ಕರುಳು ಊಟದಿಂದ ಅದನ್ನು ಜಾಸ್ತಿ ಎಳೆದುಕೊಳ್ಳಲು ನೋಡುತ್ತದೆ. ಅದೇ ದಾರಿಯಲ್ಲಿ ಕ್ಯಾಡ್ಮಿಯಮ್ಮೂ ಒಳಗೆ ಬರುತ್ತದೆ. ಸೀಸವೂ ಹಾಗೇ. ಮುಟ್ಟು, ಹೆರಿಗೆ, ಬಾಣಂತನದಲ್ಲಿ ರಕ್ತ ಕಳೆದುಕೊಂಡು, ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಹೆಂಗಸರು ನಮ್ಮ ಮನೆಗಳಲ್ಲೂ ಇದ್ದಾರೆ ಅಲ್ವಾ? ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಒಮ್ಮೆ ಕಿಡ್ನಿ ಸೇರಿದ ಕ್ಯಾಡ್ಮಿಯಂ ಹತ್ತಾರು ವರ್ಷ ಅಲ್ಲೇ ಇರುತ್ತದೆ.

ಸೀಸ ಮೂಳೆಯಲ್ಲಿ ಕೂರುತ್ತದೆ. ದೊಡ್ಡವರ ಮೈಯಲ್ಲಿರುವ ಸೀಸದಲ್ಲಿ ಶೇಕಡ 90ಕ್ಕಿಂತ ಹೆಚ್ಚು ಇರುವುದು ಅಲ್ಲೇ. ಬಸುರಿಯಾದಾಗ, ಹಾಲೂಡುವಾಗ, ಮುಟ್ಟು ನಿಂತ ಮೇಲೆ ಮೂಳೆ ಕರಗಿದಂತೆ ಹಳೆಯ ಸೀಸ ಮತ್ತೆ ರಕ್ತಕ್ಕೆ ಬರುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ. ಹುಡುಗಿಯಾಗಿದ್ದಾಗ ಮೈ ಸೇರಿದ್ದು ಮಗುವನ್ನು ಮುಟ್ಟುವುದು ಹೀಗೆ.

ಹಾಗಂತ ಗಂಡಸರು ಪಾರಾದರು ಅಂದುಕೊಳ್ಳಬೇಡಿ. ಬ್ಯಾಟರಿ, ಪೇಂಟ್ ಕೆಲಸದವರಿಗೆ ಸೀಸ ಜಾಸ್ತಿ ಸೇರುತ್ತದೆ. ಬಿಪಿ ಏರುತ್ತದೆ, ವೀರ್ಯದ ಗುಣ ಕೆಡುತ್ತದೆ. ಬೀಡಿ, ಸಿಗರೇಟಿನಿಂದ ಕ್ಯಾಡ್ಮಿಯಂ ಸೇರುತ್ತದೆ. ಇನ್ನು ಆರ್ಸೆನಿಕ್ ಮಾತ್ರ ಉಲ್ಟಾ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಚರ್ಮದ ಗುರುತುಗಳು ಹೆಚ್ಚಾಗಿ ಕಂಡದ್ದು ಗಂಡಸರಲ್ಲಿ. ಆರ್ಸೆನಿಕ್ಕನ್ನು ಬೇರೆ ರೂಪಕ್ಕೆ ಬದಲಾಯಿಸಿ ಮೂತ್ರದಲ್ಲಿ ಹೊರಗೆ ಹಾಕುವುದರಲ್ಲಿ ಹೆಂಗಸರ ದೇಹ ಸ್ವಲ್ಪ ಮೇಲು.

ನಮ್ಮಲ್ಲೂ ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ಕಿನ ತೊಂದರೆ ಆಯಿತು. ಹಳೆಯ ಚಿನ್ನದ ಗಣಿಯ ಸೀಮೆ ಅದು. ಕುಡಿಯುವ ನೀರಿನಲ್ಲೇ ಆರ್ಸೆನಿಕ್ ಇತ್ತು. ಇಂಥ ನೀರು ವರ್ಷಗಟ್ಟಲೆ ಕುಡಿದರೆ ಅಂಗೈ, ಅಂಗಾಲು ಗಂಟುಗಂಟಾಗಿ ದಪ್ಪವಾಗುತ್ತವೆ. ಎದೆ, ಬೆನ್ನಿನ ಮೇಲೆ ಮಳೆಹನಿ ಬಿದ್ದಂತೆ ಚುಕ್ಕೆ ಏಳುತ್ತವೆ. ಮುಂದೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ಬರುವ ಅಪಾಯವೂ ಇದೆ.

ನೀವು ಮೊದಲು ನೀರು ಪರೀಕ್ಷೆ ಮಾಡಿಸಿ. ಜನ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಒಟ್ಟು ಎಷ್ಟು ಅಂತ ತೋರಿಸುವ ಸಾಧನ) ನೋಡಿ ಸಮಾಧಾನ ಪಡುತ್ತಾರೆ, ಅದರಲ್ಲಿ ಆರ್ಸೆನಿಕ್ ಗೊತ್ತಾಗುವುದಿಲ್ಲ. ಮಾಮೂಲಿ ಪರೀಕ್ಷೆಯಲ್ಲಿ ಎಷ್ಟೋ ಸಲ ಲೋಹಗಳು ಸೇರಿರುವುದೇ ಇಲ್ಲ. 'ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ ನೋಡಿ' ಅಂತ ಬಾಯಿಬಿಟ್ಟು ಹೇಳಿ. ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ದಾಟಿದರೆ ಅದನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಕುದಿಸಿದರೆ ಲೋಹ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ.

ತಾಯಿಯವರ ರಕ್ತಹೀನತೆಯನ್ನು ನೀರಿನ ರಿಪೋರ್ಟ್ ಬರುವ ತನಕ ಕಾಯದೆ ಈ ವಾರವೇ ಡಾಕ್ಟರಿಗೆ ತೋರಿಸಿ. ಲೋಹ ಹೊರಗೆ ತೆಗೆಯುತ್ತೇವೆ ಅಂತ ಮಾರುವ ಪುಡಿ, ಮಾತ್ರೆ ಸುಮ್ನೆ ಕೊಡಬೇಡಿ. ಮೂತ್ರದಲ್ಲಿ ಆರ್ಸೆನಿಕ್ ನೋಡಬೇಕು ಅಂದರೆ ಮೂರ್ನಾಲ್ಕು ದಿನ ಮುಂಚೆಯೇ ಸಮುದ್ರದ ಮೀನು, ಸಿಗಡಿ ನಿಲ್ಲಿಸಿ. ಇಲ್ಲದಿದ್ದರೆ ಮೀನಿನ ಆರ್ಸೆನಿಕ್ಕೂ ಲೆಕ್ಕಕ್ಕೆ ಸೇರಿಬಿಡುತ್ತದೆ.