ಹೊಸ ಕ್ಯಾಮೆರಾದ ಮೊದಲ ದಿನ ನಾಯಿಯನ್ನೂ ಕರೆದುಕೊಂಡು ಹೋಗಬಹುದೇ?

ಹೊಸ ಕ್ಯಾಮೆರಾ ಕೊಂಡಿದ್ದೀರಿ, ಬೆಳಿಗ್ಗೆ ಮರಗಿಡಗಳ ನಡುವೆ ಸುತ್ತಾಡಲು ಹೋಗುವಾಗ ನಾಯಿಯನ್ನೂ ಕರೆದೊಯ್ದರೆ ಫೋಟೊ ತೆಗೆಯಲು ಆದೀತೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ಹಕ್ಕಿಗಳ ಆಸೆಯನ್ನು ಆ ದಿನಕ್ಕೆ ಬಿಟ್ಟುಬಿಡಿ. ನಾಯಿ ಕಂಡರೆ ಅವು ಹತ್ತಿರ ಸುಳಿಯುವುದಿಲ್ಲ. ನಾಯಿಯನ್ನೇ ತೆಗೆಯಿರಿ. ಓಡುತ್ತದೆ, ಥಟ್ಟನೆ ನಿಲ್ಲುತ್ತದೆ, ಬಿಸಿಲಿನಿಂದ ನೆರಳಿಗೆ ನುಗ್ಗುತ್ತದೆ. ಕ್ಯಾಮೆರಾದ ಶಕ್ತಿಯೂ ಮಿತಿಯೂ ಒಂದೇ ಬೆಳಗಿನಲ್ಲಿ ತಿಳಿಯುತ್ತವೆ.

ಹೊರಡುವ ಎರಡು ಮೂರು ದಿನ ಮೊದಲೇ ಕ್ಯಾಮೆರಾವನ್ನು ಮನೆಯಲ್ಲಿ ನೆಲದ ಮೇಲಿಡಿ, ನಾಯಿ ಮೂಸಿ ನೋಡಲಿ. ನನ್ನ ನಾಯಿ ಕರಿಯ ಮೊದಮೊದಲು ಲೆನ್ಸ್ ಎತ್ತಿದೊಡನೆ ಮುಖ ತಿರುಗಿಸಿಬಿಡುತ್ತಿದ್ದ. ದಿಟ್ಟಿಸಿ ನೋಡುವ ಅಷ್ಟು ದೊಡ್ಡ ಕಣ್ಣು ಅವನಿಗೆ ಹಿಡಿಸಿರಲಿಲ್ಲ. ಒಮ್ಮೆ ಕ್ಲಿಕ್ಕಿಸಿ ಒಂದು ತಿನಿಸು ಕೊಡುತ್ತಾ ಬಂದೆ, ಮೂರನೆಯ ದಿನಕ್ಕೆ ಸದ್ದು ಕೇಳಿದರೆ ತಾನೇ ನನ್ನತ್ತ ನೋಡತೊಡಗಿದ.

ಅವನು ಹೆಸರಿಗೆ ತಕ್ಕಂತೆ ಕಡುಕಪ್ಪು. ಆದರೆ ಮೊದಲ ಚಿತ್ರಗಳಲ್ಲಿ ಬೂದಿಯಲ್ಲಿ ಹೊರಳಿ ಬಂದವನಂತೆ ಕಂಡಾಗ ಕ್ಯಾಮೆರಾವೇ ಕೆಟ್ಟಿದೆಯೆಂದು ಗಾಬರಿಯಾಯಿತು. ಕೆಟ್ಟಿರಲಿಲ್ಲ. ಎದುರಿಗೆ ಇರುವುದೆಲ್ಲ ಸರಾಸರಿ ಬೂದು ಬಣ್ಣದ್ದು ಎಂಬ ಲೆಕ್ಕದಲ್ಲಿ ಕ್ಯಾಮೆರಾದೊಳಗಿನ ಮೀಟರ್ ಬೆಳಕನ್ನು ಅಳೆಯುತ್ತದೆ. ಚೌಕಟ್ಟಿನ ತುಂಬ ಕಪ್ಪು ನಾಯಿಯಿದ್ದರೆ ಕತ್ತಲೆಯೆಂದು ಬಗೆದು ಚಿತ್ರವನ್ನು ಬೆಳಗಿಸಿಬಿಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಎಂಬ, ಚಿತ್ರದ ಬೆಳಕನ್ನು ಏರಿಳಿಸುವ ಗುಂಡಿಯನ್ನು −0.7ರ ಆಸುಪಾಸಿಗೆ ಇಳಿಸಿದಾಗ ಅವನ ಕಪ್ಪು ಮರಳಿ ಬಂತು. ನಿಮ್ಮದು ಬಿಳಿ ನಾಯಿಯಾದರೆ ಇದೇ ಗುಂಡಿಯನ್ನು ಪ್ಲಸ್ ಕಡೆಗೆ ತಿರುಗಿಸಬೇಕು. ಹಿಂದೆ ಬೆಳಗುವ ಆಕಾಶವಿದ್ದರೆ ಮಾತ್ರ ಕಪ್ಪು ನಾಯಿಗೂ ಪ್ಲಸ್ಸೇ ಬೇಕು.

ಉಳಿದದ್ದರಲ್ಲಿ ಶಟರ್ ವೇಗವೊಂದನ್ನು, ಅಂದರೆ ಬೆಳಕು ಒಳಬರುವ ಹೊತ್ತನ್ನು, ನೀವು ಹಿಡಿದುಕೊಳ್ಳಿ, ಬೆಳಕಿಗೆ ಕ್ಯಾಮೆರಾದ ಸ್ಪಂದನೆಯನ್ನು ಹೇಳುವ ಐಎಸ್‌ಒ ಆಟೊದಲ್ಲಿರಲಿ. ನಡೆಯುವ ನಾಯಿಗೆ 1/250 ಸೆಕೆಂಡ್ ಸಾಕು, ಓಡುವ ನಾಯಿಗೆ 1/1000 ಬೇಕು. ಮರದ ನೆರಳಿನಲ್ಲಿ ಐಎಸ್‌ಒ 3200 ದಾಟಿದರೂ ಹೆದರಬೇಡಿ. ಕಾಳುಕಾಳಾದ ಚಿತ್ರವನ್ನು ಆಮೇಲೆ ಸುಧಾರಿಸಬಹುದು, ಅಲುಗಿದ್ದನ್ನು ಯಾರಿಂದಲೂ ಸರಿಪಡಿಸಲಾಗದು. ಫೋಕಸ್ ನಾಯಿಯನ್ನು ಬಿಡದೆ ಹಿಂಬಾಲಿಸುವ ಕಂಟಿನ್ಯುಯಸ್‌ನಲ್ಲಿರಲಿ; ಪ್ರಾಣಿಗಳ ಕಣ್ಣನ್ನು ಗುರುತಿಸುವ ಸೌಲಭ್ಯವಿದ್ದರೆ ಅದನ್ನೂ ಹಾಕಿಕೊಳ್ಳಿ. ಎಫ್/1.8ರಷ್ಟು ಅಗಲಕ್ಕೆ ತೆರೆದ ಲೆನ್ಸಿನಲ್ಲಿ ತೀರಾ ಹತ್ತಿರದಿಂದ ತೆಗೆದರೆ ಒದ್ದೆ ಮೂಗಿನ ಮೇಲಿನ ಒಂದೊಂದು ಗೆರೆಯೂ ಎಣಿಸುವಂತೆ ಬಂದು, ಎರಡು ಬೆರಳು ಹಿಂದಿರುವ ಕಣ್ಣು ಮಂಜಾಗುತ್ತದೆ. ಲೆನ್ಸಿನ ತೆರಪನ್ನು ಎಫ್/4ಕ್ಕೆ ಕಿರಿದುಮಾಡಿ, ಕಣ್ಣಿನ ಮೇಲೆಯೇ ಫೋಕಸ್ ಇಡಿ.

ಮೊಣಕಾಲೂರಿ ಕೂರಿ. ನಿಂತಲ್ಲಿಂದ ತೆಗೆದರೆ ಬೆನ್ನು ಮತ್ತು ನೆಲ ಸಿಗುತ್ತವೆ, ಕುಳಿತು ತೆಗೆದರೆ ನಾಯಿಯ ಮುಖ, ಅದರ ಹಿಂದೆ ಉದ್ದಕ್ಕೆ ಹರಡಿದ ಹಾದಿ.

ಹಗ್ಗದ ವಿಷಯದಲ್ಲಿ ನಾನು ಕಟ್ಟುನಿಟ್ಟು. ವ್ಯೂಫೈಂಡರ್‌ಗೆ ಕಣ್ಣಿಟ್ಟ ಗಳಿಗೆಯಲ್ಲಿ ಸುತ್ತಲಿನ ಲೋಕ ನಿಮಗೆ ಕಾಣುವುದಿಲ್ಲ, ನಾಯಿ ಹಾವಿನತ್ತ ಹೊರಟರೂ ತಿಳಿಯದು. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳೂ ಇರುತ್ತವೆ. ಫೋಟೊಗಾಗಿ ಹಗ್ಗ ಬಿಚ್ಚಬೇಡಿ. ಮೊದಲ ದಿನ ಮನೆಯವರೊಬ್ಬರನ್ನು ಕರೆದೊಯ್ದು ಹಗ್ಗವನ್ನು ಅವರ ಕೈಗೆ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಒಬ್ಬರೇ ಹೋದರೆ ಕ್ಯಾಮೆರಾ ಪಟ್ಟಿಯನ್ನು ಹೆಗಲಿಗೆ ಅಡ್ಡಲಾಗಿ ಹಾಕಿಕೊಳ್ಳಿ, ನಾಯಿ ಎಳೆದಾಗ ಕ್ಯಾಮೆರಾ ಕೈ ಜಾರಿದರೂ ನೆಲಕ್ಕೆ ಬೀಳುವುದಿಲ್ಲ.

ಅದು ಮೂಸುತ್ತಾ ನಿಂತರೆ ಎಳೆಯಬೇಡಿ. ಆ ನಡಿಗೆ ಅದರದ್ದು. ನನಗೆ ಇಂದಿಗೂ ಇಷ್ಟವಾದ ಚಿತ್ರ ಸಿಕ್ಕಿದ್ದು ಹಾಗೆ ಕಾದಾಗಲೇ: ಕರಿಯ ಒಂದು ಹುಲ್ಲಿನ ಬುಡವನ್ನು ಎರಡು ನಿಮಿಷ ಬಿಡದೆ ಮೂಸಿದ, ತಲೆಯೆತ್ತಿದಾಗ ಮೀಸೆಯ ಕೂದಲಿನ ತುದಿಯಲ್ಲಿ ಒಂದು ಇಬ್ಬನಿ ಹನಿ ನೇತಾಡುತ್ತಿತ್ತು.

ನೀರಿಗಿಳಿದು ಬಂದ ನಾಯಿ ಮೈ ಕೊಡವುವಾಗ ನಾಲ್ಕೈದು ಹೆಜ್ಜೆ ದೂರ ಸರಿಯಿರಿ. ಲ್ಯಾಬ್ರಡಾರ್‌ನಂಥ ದೊಡ್ಡ ನಾಯಿ ಸೆಕೆಂಡಿಗೆ ನಾಲ್ಕು ಬಾರಿಗೂ ಹೆಚ್ಚು ಮೈ ತಿರುಚುತ್ತದೆ; ಒಂದರ ಹಿಂದೊಂದು ಚಿತ್ರ ತೆಗೆಯುವ ಬರ್ಸ್ಟ್‌ನಲ್ಲಿ 1/1000ಕ್ಕೆ ಹನಿಗಳು ಗಾಳಿಯಲ್ಲೇ ನಿಂತು ಕಾಣುತ್ತವೆ. ಆ ಹೊತ್ತಿನಲ್ಲಿ ಲೆನ್ಸ್ ಬದಲಿಸಲು ಮಾತ್ರ ಹೋಗಬೇಡಿ.