ಕುಡಿತ ಬಿಡುವ ಮನಸ್ಸೇ ಇಲ್ಲದ ಅಣ್ಣನಿಗೆ ಮನಸ್ಸು ಬರಿಸೋದು ಹೇಗೆ?

ನಿಮ್ಮ ಅಣ್ಣನಿಗೆ ಖಿನ್ನತೆ ಇದೆ, ದಿನಾ ಕುಡೀತಾರೆ, ಬಿಡಬೇಕು ಅನ್ನೋ ಮನಸ್ಸೇ ಇಲ್ಲ ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ. ದಾವಣಗೆರೆಯವನು. ನನ್ನ ತಮ್ಮನಿಗೆ ಬೈಪೋಲಾರ್ ಕಾಯಿಲೆ (ಕೆಲವು ಕಾಲ ವಿಪರೀತ ಹುರುಪು, ಕೆಲವು ಕಾಲ ಖಿನ್ನತೆ), ಜೊತೆಗೆ ಕುಡಿತ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ.

ಮೊದಲು ನಾವು ಮಾಡಿದ್ದೆಲ್ಲ ಎಡವಟ್ಟೇ. ದುಗ್ಗಮ್ಮನ ಗುಡಿಯಲ್ಲಿ ಆಣೆ ಮಾಡಿಸಿದೆವು. ಹನ್ನೊಂದು ದಿನ ನಡೆಯಿತು. ಆಣೆ ತಪ್ಪಿದ ಮೇಲೆ ದೇವರ ಭಯವೂ ಸೇರಿಕೊಂಡು ಇನ್ನೂ ಜಾಸ್ತಿ ಕುಡಿದ. ಯಾರೋ ಹೇಳಿದರು ಅಂತ ಅಮ್ಮ ಸಾರಿನಲ್ಲಿ ಮಾತ್ರೆ ಕಲಸೋಕೂ ಹೊರಟಿದ್ದರು. ಅದನ್ನು ಮಾತ್ರ ಮಾಡಬೇಡಿ. ಕುಡಿತ ಬಿಡಿಸೋಕೆ ಕೊಡೋ ಡೈಸಲ್ಫಿರಾಮ್ ಮಾತ್ರೆ ತಗೊಂಡಿರೋದು ಗೊತ್ತಿಲ್ಲದೆ ಕುಡಿದರೆ ವಾಂತಿ, ಎದೆಬಡಿತ ಶುರುವಾಗಿ, ಬಿಪಿ ಇಳಿದು ಜೀವಕ್ಕೇ ಕುತ್ತು ಬರಬಹುದು.

ಕೊನೆಗೆ ಒಬ್ಬರು ಕೌನ್ಸೆಲರ್ ಸಿಕ್ಕರು. "ಕುಡಿತ ಬಿಡೋದು ನಿಮಗೆ ಎಷ್ಟು ಮುಖ್ಯ? ಸೊನ್ನೆಯಿಂದ ಹತ್ತರೊಳಗೆ ಹೇಳಿ" ಅಂದರು. ತಮ್ಮ "ಮೂರು" ಅಂದ. ನನಗೆ ರೇಗಿಹೋಯಿತು. ಅವರು ಮಾತ್ರ "ಮೂರಾ? ಸೊನ್ನೆ ಯಾಕಲ್ಲ?" ಅಂತ ಕೇಳಿದರು. ಅವನು ಟೀ ಲೋಟ ತಿರುಗಿಸ್ತಾ ಸುಮಾರು ಹೊತ್ತು ಕೂತ. ಆಮೇಲೆ "ಮಗಳು ನನ್ನ ಗಾಡಿ ಹತ್ತಲ್ಲ ಅಂತಾಳೆ ಮೇಡಂ" ಅಂದ.

"ಹತ್ತು ಯಾಕಲ್ಲ" ಅಂತ ಕೇಳಿದ್ದರೆ ಕುಡಿಯೋಕೆ ನೂರು ಕಾರಣ ಕೊಡ್ತಿದ್ದ, ಅಲ್ವಾ? ಈ ಪದ್ಧತಿಗೆ ಮೋಟಿವೇಷನಲ್ ಇಂಟರ್ವ್ಯೂಯಿಂಗ್ ಅಂತಾರೆ. ವಿಲಿಯಂ ಮಿಲ್ಲರ್ ಅನ್ನೋ ಮನೋವಿಜ್ಞಾನಿ 1983ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಬಿಡಬೇಕು, ಬೇಡ ಅನ್ನೋ ಎರಡೂ ಮನಸ್ಸು ಒಳಗೇ ಇರುತ್ತೆ. "ಬಿಡು ಬಿಡು" ಅಂತ ನಾವು ಜಗ್ಗಿದಷ್ಟೂ ಅವರು "ಬೇಡ" ಅನ್ನೋ ಕಡೆಗೇ ವಾಲ್ತಾರೆ.

ಕುಡಿತದಿಂದ ಏನು ಸಿಗುತ್ತೆ ಅಂತಲೂ ಕೇಳಿ, ಬೈಯದೆ ಕೇಳಿ. ತಮ್ಮ "ನಿದ್ದೆ ಬರುತ್ತೆ" ಅಂದ. ನಾಲ್ಕು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ! ಡಾಕ್ಟರಿಗೆ ಹೇಳಿದ ಮೇಲೆ ಮಾತ್ರೆ ಬದಲಾಯಿತು, ರಾತ್ರಿಯ ಕ್ವಾರ್ಟರ್ ಅರ್ಧಕ್ಕೆ ಇಳಿಯಿತು.

ಇನ್ನೊಂದು ಮಾತು. ಖಿನ್ನತೆ ಇದ್ದಾಗ ಸ್ನಾನಕ್ಕೆ ಏಳೋದೇ ಭಾರ. ನಾವು ಅದನ್ನೇ ಸೋಮಾರಿತನ ಅಂತ ಬೈತಿದ್ದೆವು. ಒಂದು ಆಸ್ಪತ್ರೆಯಲ್ಲಿ "ಮೊದಲು ಕುಡಿತ ಬಿಟ್ಟು ಬನ್ನಿ, ಆಮೇಲೆ ಕಾಯಿಲೆ ನೋಡೋಣ" ಅಂತ ವಾಪಸ್ ಕಳಿಸಿದರು. ಅಂಥ ಮಾತು ಕೇಳಬೇಡಿ, ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಬೇಕು. ದಿನಾ ಜಾಸ್ತಿ ಕುಡಿಯೋರನ್ನು ರೂಮಿಗೆ ಕೂಡಿ ಹಾಕಿ ಒಂದೇ ಸಲ ಬಿಡಿಸೋಕೂ ಹೋಗಬೇಡಿ. ಒಂದೆರಡು ದಿನದಲ್ಲೇ ಫಿಟ್ಸ್ ಬರಬಹುದು, ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣಿಸಿ ಬಡಬಡಿಸಬಹುದು. ಡಾಕ್ಟರ್ ಮೂಲಕವೇ ಬಿಡಿಸಿ. ಅಣ್ಣ ಆಸ್ಪತ್ರೆಗೆ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಫೋನ್ ಮಾಡಿ. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಸಾಯೋ ಮಾತು ಆಡ್ತಿದ್ದರೆ ನಾಳೆಗೆ ಅಂತ ಬಿಡಬೇಡಿ.

ತಮ್ಮ ಪೂರ್ತಿ ಬಿಟ್ಟಿದ್ದಾನೆ ಅಂತಲ್ಲ. ಜಾತ್ರೆಯಲ್ಲಿ ಒಮ್ಮೆ ಜಾರಿದ, ಮರುದಿನ ತಾನೇ ಆಸ್ಪತ್ರೆಗೆ ಹೋದ. ಕಳೆದ ವಾರ "ಈಗ ಎಷ್ಟೋ?" ಅಂದೆ. "ಆರು" ಅಂದ. "ಏಳು ಯಾಕಲ್ಲ" ಅಂತ ಬಾಯಿಗೆ ಬಂದಿತ್ತು. ನುಂಗಿಕೊಂಡು ಎರಡು ಪ್ಲೇಟ್ ಮಂಡಕ್ಕಿ ಮಿರ್ಚಿ ಹೇಳಿದೆ.